ಕೆಂಪು ತಟ್ಟೆಯ ಟೈಮರ್: ಆಟಿಸಂ ಇರುವವರ ಮನೆಯ ಮಾತುಕತೆಗೆ ಎಷ್ಟು ಉಪಯೋಗ?

ಬಿಳಿ ಮುಖ, ಅದರ ಸುತ್ತ 0ಯಿಂದ 60ರವರೆಗೆ ನಿಮಿಷದ ಅಂಕಿ, ನಡುವೆ ಒಂದು ಕೆಂಪು ತಟ್ಟೆ. ಎಷ್ಟು ನಿಮಿಷ ಬೇಕೋ ಅಲ್ಲಿಗೆ ತಟ್ಟೆಯನ್ನು ತಿರುಗಿಸಿ ಬಿಟ್ಟರೆ ಹೊತ್ತು ಕಳೆದಂತೆ ಕೆಂಪು ಭಾಗ ಕಿರಿದಾಗುತ್ತಾ ಹೋಗಿ ಕೊನೆಗೆ ಕಾಣೆಯಾಗುತ್ತದೆ. ಟೈಮ್ ಟೈಮರ್ ಎಂಬ ಈ ಸಾಧನವನ್ನು 1990ರ ದಶಕದಲ್ಲಿ ಅಮೆರಿಕದ ಜಾನ್ ರೋಜರ್ಸ್ ಎಂಬ ತಾಯಿ, ‘ಇನ್ನೂ ಎಷ್ಟು ಹೊತ್ತು?’ ಎಂದು ಕೇಳುತ್ತಲೇ ಇದ್ದ ಪುಟ್ಟ ಮಗಳಿಗಾಗಿ ರೂಪಿಸಿದರು. ಗಡಿಯಾರ ಓದಲು ಬಾರದ ಮಗುವಿಗೂ ಉಳಿದ ಹೊತ್ತು ಕಣ್ಣಿಗೆ ಕಾಣಬೇಕು ಎಂಬುದೇ ಇದರ ಮೂಲ ಉದ್ದೇಶ. ಈಗ ಇದನ್ನು ಹೋಂವರ್ಕ್, ಮೊಬೈಲ್ ನೋಡುವ ಸಮಯ, ಶಾಲೆಯ ಪರೀಕ್ಷೆಗೆಂದು ಮಾರುತ್ತಾರೆ. ಈ ವಿಮರ್ಶೆ ಪೆಟ್ಟಿಗೆಯ ಮೇಲೆ ಬರೆದಿರದ ಇನ್ನೊಂದು ಬಳಕೆಯ ಬಗ್ಗೆ: ಮನೆಯಲ್ಲಿ ಆಟಿಸಂ (ಸ್ವಲೀನತೆ) ಇರುವ ಒಬ್ಬರಿಗೆ ಒಂದು ವಿಷಯವೆಂದರೆ ಪ್ರಾಣ, ಉಳಿದವರಿಗೆ ಅದರಲ್ಲಿ ಆಸಕ್ತಿಯೇ ಇಲ್ಲ, ಆದರೂ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಅಕ್ಕರೆ ಇದೆ ಎನ್ನುವಲ್ಲಿ ಇದು ಕೆಲಸಕ್ಕೆ ಬರುತ್ತದೆಯೇ ಎಂಬುದು.

ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆದರೆ ಒಂದು ಷರತ್ತಿದೆ. ಈ ಟೈಮರ್ ಮಾತಾಡುವವರ ಬಾಯಿ ಮುಚ್ಚಿಸುವುದಕ್ಕಲ್ಲ, ಕೇಳುವವರ ಗಮನವನ್ನು ಇಷ್ಟು ನಿಮಿಷ ಎಂದು ಖಚಿತವಾಗಿ ಕೊಡಿಸುವುದಕ್ಕೆ. ಇದನ್ನು ಮರೆತ ಮನೆಯಲ್ಲಿ ಟೈಮರ್ ತರದಿದ್ದರೇ ಒಳ್ಳೆಯದು.

ತುಮಕೂರಿನ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ರೈಲಿನ ವಿಷಯದಲ್ಲಿ ಮುಳುಗಿರುವ ಮಗಳು ತುಮಕೂರಿನಿಂದ ಹೊರಟು ಗುಬ್ಬಿ, ನಿಟ್ಟೂರು, ಸಂಪಿಗೆ ರೋಡ್, ಅಮ್ಮಸಂದ್ರ, ಬಾಣಸಂದ್ರ ಎನ್ನುತ್ತಾ ತಿಪಟೂರು ಮುಟ್ಟುವವರೆಗೆ ನಿಲ್ಲಿಸಲಾರಳು. ನಡುವೆ ಯಾರಾದರೂ ‘ಕುಕ್ಕರ್ ಎಷ್ಟು ಸಲ ಕೂಗ್ತು?’ ಎಂದರೆ ಎಳೆ ತುಂಡಾಗುತ್ತದೆ, ಮತ್ತೆ ಗುಬ್ಬಿಯಿಂದಲೇ ಶುರುವಾಗಬೇಕು. ಕೇಳುವ ಅಮ್ಮನಿಗೆ ಇದು ಎಲ್ಲಿಗೆ ಮುಗಿಯುತ್ತದೆ ಎಂಬುದೇ ಗೊತ್ತಿಲ್ಲ. ಐದು ನಿಮಿಷಕ್ಕೆ ‘ಹೂಂ, ಹೂಂ’ ಶುರು, ಹತ್ತಕ್ಕೆ ಕೈ ಮೊಬೈಲಿಗೆ, ಮರುದಿನ ಮಗಳು ಹತ್ತಿರ ಬಂದ ಕೂಡಲೇ ‘ಆಮೇಲೆ ಹೇಳು ಕಣೆ’. ಆ ‘ಆಮೇಲೆ’ ಬರುವುದೇ ಇಲ್ಲ ಎಂಬುದನ್ನು ಮಗಳು ಬಹುಬೇಗ ಕಲಿಯುತ್ತಾಳೆ.

ಇದರಲ್ಲಿ ಯಾರದೂ ಕೆಟ್ಟ ಬುದ್ಧಿಯಿಲ್ಲ. ಸಂಶೋಧಕಿ ಡೈನಾ ಮರ್ರೆ ಮತ್ತು ಜೊತೆಗಾರರು 2005ರಲ್ಲಿ ವಿವರಿಸಿದ ಮೊನೊಟ್ರೋಪಿಸಂ ಎಂಬ ವಿಚಾರದ ಪ್ರಕಾರ, ಆಟಿಸಂ ಇರುವವರ ಗಮನ ಒಂದೇ ಸಮಯಕ್ಕೆ ಕೆಲವೇ ವಿಷಯಗಳಲ್ಲಿ ಬಹಳ ಆಳವಾಗಿ ಇಳಿಯುತ್ತದೆ. ಅಷ್ಟು ಆಳಕ್ಕೆ ಇಳಿದ ಗಮನವನ್ನು ತಟ್ಟನೆ ಮೇಲೆಳೆದರೆ ನೋವಾಗುತ್ತದೆ. ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಇನ್ನೊಂದು ಮಾತನ್ನು ಮುಂದಿಟ್ಟರು: ಆಟಿಸಂ ಇರುವವರು ಮತ್ತು ಇಲ್ಲದವರ ನಡುವೆ ಅರ್ಥವಾಗದಿರುವುದು ಎರಡೂ ಕಡೆಯ ತೊಡಕು, ಒಂದೇ ಕಡೆಯ ಕೊರತೆಯಲ್ಲ. 2020ರಲ್ಲಿ ಪ್ರಕಟವಾದ ಕ್ಯಾಥರೀನ್ ಕ್ರಾಂಪ್ಟನ್ ತಂಡದ ಪ್ರಯೋಗದಲ್ಲಿ, ಆಟಿಸಂ ಇರುವವರು ತಮ್ಮತಮ್ಮಲ್ಲೇ ಒಬ್ಬರಿಂದ ಒಬ್ಬರಿಗೆ ಮಾಹಿತಿ ದಾಟಿಸಿದಾಗ ಅದು ಉಳಿದವರಷ್ಟೇ ಚೆನ್ನಾಗಿ ದಾಟಿತು. ಕಳೆದುಹೋದದ್ದು ಹೆಚ್ಚಾಗಿ ಎರಡು ಬಗೆಯವರು ಬೆರೆತ ಸಾಲಿನಲ್ಲಿ. ಹಾಗಾಗಿ ‘ಇವಳಿಗೆ ಮಾತಾಡೋಕೆ ಬರಲ್ಲ’ ಎಂದು ಅವಳನ್ನು ತಿದ್ದಲು ಹೊರಡುವ ಬದಲು ಇಬ್ಬರ ನಡುವೆ ಏನಿಡಬೇಕು ಎಂದು ಯೋಚಿಸುವುದು ಸರಿ. ಕೆಂಪು ತಟ್ಟೆ ಅಲ್ಲಿ ಕೂರುತ್ತದೆ. ಹದಿನೈದು ನಿಮಿಷಕ್ಕೆ ಮುಗಿಯುವುದು ಕಣ್ಣಿಗೇ ಕಾಣುತ್ತಿದ್ದರೆ ಅಮ್ಮನ ಚಡಪಡಿಕೆ ಇಳಿಯುತ್ತದೆ. ಹದಿನೈದು ನಿಮಿಷ ಯಾರೂ ತಡೆಯುವುದಿಲ್ಲ ಎಂಬುದು ಕಣ್ಣಿಗೇ ಕಾಣುತ್ತಿದ್ದರೆ ಮಗಳ ಓಟ ನಿಧಾನವಾಗುತ್ತದೆ.

ಈಗ ಕೊಳ್ಳುವ ವಿಷಯ. ಮೂಲ ಕಂಪನಿಯ ಟೈಮರ್ ಹೊರದೇಶದಿಂದ ಬರುವುದರಿಂದ ದುಬಾರಿ, ಸಾವಿರಗಳ ಲೆಕ್ಕ. ಅದೇ ಬಗೆಯ ಇತರ ಟೈಮರುಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಎರಡನ್ನೂ ಹೆಚ್ಚಾಗಿ ಆನ್‌ಲೈನಿನಲ್ಲೇ ತರಿಸಬೇಕು. ಕಡಿಮೆ ಬೆಲೆಯದು ಈ ಕೆಲಸಕ್ಕೆ ಸಾಕು, ಆದರೆ ಮೂರು ವಿಷಯ ನೋಡಿಯೇ ಕೊಳ್ಳಿ. ಮೊದಲನೆಯದು, ಅದು ಬ್ಯಾಟರಿಯದೋ ಸ್ಪ್ರಿಂಗಿನದೋ. ಸ್ಪ್ರಿಂಗಿನ ಟೈಮರ್, ಪಾತ್ರೆ ಅಂಗಡಿಯ ಕಿಚನ್ ಟೈಮರಿನ ಹಾಗೆ, ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ. ಶಬ್ದಕ್ಕೆ ಸೂಕ್ಷ್ಮವಾದ ಕಿವಿಯಿದ್ದರೆ ಆ ಸದ್ದು ಮಾತಿಗಿಂತ ಮುಂದೆ ಬಂದು ಕೂರುತ್ತದೆ. ಜೊತೆಗೆ, ಸ್ಪ್ರಿಂಗಿನದನ್ನು ಮೊದಲು 55ರ ಹತ್ತಿರಕ್ಕೆ ಪೂರ್ತಿ ತಿರುಗಿಸಿ ಆಮೇಲೆ ಬೇಕಾದ ನಿಮಿಷಕ್ಕೆ ಹಿಂದೆ ತರಬೇಕಾಗುತ್ತದೆ. ನೇರವಾಗಿ 10ಕ್ಕೆ ತಿರುಗಿಸಿದರೆ ಸ್ಪ್ರಿಂಗಿಗೆ ಬಿಗಿ ಸಾಲದೆ ಗಂಟೆ ಬಡಿಯದೇ ಹೋಗಬಹುದು. ಒಂದು ಎಎ ಸೆಲ್ ಹಾಕುವ, ಸದ್ದಿಲ್ಲದೆ ನಡೆಯುವ ಬಗೆಯೇ ಬೇಕು. ಕರೆಂಟ್ ಹೋದರೂ ನಿಲ್ಲುವುದಿಲ್ಲ ಎಂಬುದು ನಮ್ಮ ಕಡೆ ಸಣ್ಣ ಅನುಕೂಲವಲ್ಲ, ಆದರೆ ಇದಕ್ಕೆ ದೀಪವಿರದ ಕಾರಣ ಕತ್ತಲಲ್ಲಿ ಕಾಣದು.

ಎರಡನೆಯದು, ಅಲಾರಂ ನಿಲ್ಲಿಸುವ ಸ್ವಿಚ್. ಹಿಂಬದಿಯಲ್ಲಿ ಅದಿಲ್ಲದಿದ್ದರೆ ಬೇಡ. ಕೀರಲು ಬೀಪ್ ಒಂದೇ ಸಾಕು, ಚೆನ್ನಾಗಿ ನಡೆದ ಹದಿನೈದು ನಿಮಿಷದ ನೆನಪು ಕೆಡಲು. ಈಗಾಗಲೇ ಸ್ವಿಚ್ ಇಲ್ಲದ್ದು ಬಂದಿದ್ದರೆ ಸ್ಪೀಕರಿನ ತೂತಿನ ಮೇಲೆ ದಪ್ಪ ಟೇಪ್ ಎರಡು ಪದರ ಅಂಟಿಸಿ, ಸದ್ದು ಸ್ವಲ್ಪ ಕಡಿಮೆಯಾಗುತ್ತದೆ. ಮೂರನೆಯದು ಗಾತ್ರ. ಅಂಗೈಯಷ್ಟಿನದು ಒಬ್ಬರ ಮೇಜಿಗೆ ಸರಿ, ನಡುಮನೆಯಲ್ಲಿ ಇಬ್ಬರಿಗೂ ಕಾಣಬೇಕೆಂದರೆ ಸುಮಾರು 8 ಇಂಚಿನದು ಬೇಕು. ಮುಂದಿನ ಪ್ಲಾಸ್ಟಿಕ್ ಮುಖದ ಮೇಲೆ ಟ್ಯೂಬ್‌ಲೈಟ್ ಹೊಳೆದು ಕೆಂಪು ಕಾಣದೇ ಹೋಗುವುದುಂಟು, ಸ್ವಲ್ಪ ಓರೆಯಾಗಿ ಇಡಿ.

ತಂದ ಮೇಲೆ ಮೊದಲು ಪರೀಕ್ಷಿಸಿ. 10, 20, 60 ನಿಮಿಷಕ್ಕೆ ಒಂದೊಂದು ಸಲ ಇಟ್ಟು ಮೊಬೈಲಿನ ಸ್ಟಾಪ್‌ವಾಚ್ ಜೊತೆ ಹೋಲಿಸಿ. ಕಡಿಮೆ ಬೆಲೆಯವು ಒಂದೆರಡು ನಿಮಿಷ ಹೆಚ್ಚುಕಡಿಮೆ ತೋರಿಸಬಹುದು. ಅಮ್ಮನಿಗೆ ಅದು ಲೆಕ್ಕಕ್ಕಿಲ್ಲ, ಮಗಳಿಗೆ ಹಾಗಲ್ಲ. ಹದಿನೈದು ಎಂದರೆ ಹದಿನೈದೇ ಆಗಬೇಕೆನ್ನುವವರಿಗೆ ವ್ಯತ್ಯಾಸವನ್ನು ಮೊದಲೇ ಹೇಳಿ, ಸರಿಯಾದ ಗೆರೆಯನ್ನು ಪೆನ್ನಿನಲ್ಲಿ ಗುರುತು ಮಾಡಿಡಿ.

ಇನ್ನೊಂದು ಗುರುತು ಇನ್ನೂ ಮುಖ್ಯ, ಮತ್ತು ಇದು ಪೆಟ್ಟಿಗೆಯಲ್ಲಿ ಬರುವುದಿಲ್ಲ. ಹಣೆಗಿಡುವ ಸ್ಟಿಕರ್ ಬಿಂದಿ, ಕಪ್ಪಗಿನದು, ಒಂದನ್ನು 3ನೇ ನಿಮಿಷದ ಗೆರೆಯ ಪಕ್ಕ ಟೈಮರಿನ ಮುಖದ ಮೇಲೆ ಅಂಟಿಸಿ. ಕೆಂಪಿನ ಅಂಚು ಬಿಂದಿ ಮುಟ್ಟಿದರೆ ಹೊಸ ವಿಷಯ ತೆಗೆಯುವಂತಿಲ್ಲ, ಹಿಡಿದದ್ದನ್ನು ಮುಗಿಸಬೇಕು. ಅಂದರೆ 15 ನಿಮಿಷದಲ್ಲಿ ಮಾತಿಗೆ 12, ಕಟ್ಟಿಡಲು 3. ಟೈಮರ್ ಬಳಸಿ ಸೋತ ಮನೆಗಳಲ್ಲಿ ಸಾಮಾನ್ಯವಾಗಿ ತಪ್ಪುವುದು ಇಲ್ಲೇ: ಸೊನ್ನೆಗೆ ಬಂದ ಕೂಡಲೇ ‘ಆಯ್ತು, ಟೈಮ್ ಮುಗೀತು’ ಎಂದು ಎದ್ದುಬಿಡುತ್ತಾರೆ. ಅರ್ಧ ವಾಕ್ಯಕ್ಕೆ ನಿಂತ ಮಾತು ತಲೆಯೊಳಗೆ ಸುತ್ತುತ್ತಲೇ ಇರುತ್ತದೆ, ರಾತ್ರಿ ಊಟದ ಹೊತ್ತಿಗೂ, ಮಲಗುವ ಹೊತ್ತಿಗೂ ಅದೇ ಹೊರಬರುತ್ತದೆ. ಪಕ್ಕದಲ್ಲೊಂದು ಚಿಕ್ಕ ಪುಸ್ತಕವಿರಲಿ. ಬಿಂದಿ ಮುಟ್ಟಿದಾಗ ಉಳಿದ ವಿಷಯಗಳನ್ನು ಮಾತಾಡುವವರೇ ಅದರಲ್ಲಿ ಒಂದೊಂದು ಸಾಲು ಬರೆದಿಟ್ಟು, ನಾಳಿನ ಸರದಿ ಅಲ್ಲಿಂದಲೇ ಶುರುಮಾಡಲಿ. ಎಲ್ಲಿಯೂ ಏನೂ ಕಳೆದುಹೋಗುವುದಿಲ್ಲ ಎಂದು ಗೊತ್ತಾದರೆ ನಿಲ್ಲಿಸುವುದು ಅರ್ಧ ಸುಲಭ.

ತಟ್ಟೆ ತಿರುಗಿಸುವ ಕೈ ಮಾತಾಡುವವರದೇ ಆಗಿರಲಿ. ಹೊತ್ತು ಗೊತ್ತುಮಾಡುವುದು ಕೇಳುವವರು. ಸಂಜೆ ಕಾಫಿ ಆದ ಮೇಲೆ, ಧಾರಾವಾಹಿಗೆ ಮುಂಚೆ ಎಂಬಂಥ ದಿನವೂ ಬರುವ ಹೊತ್ತು ಒಳ್ಳೆಯದು. ಬೆಳಿಗ್ಗೆ ಬಸ್ಸಿಗೆ ಓಡುವ ಗಡಿಬಿಡಿಯಲ್ಲಿ ಬೇಡವೇ ಬೇಡ. ಇವತ್ತು ಆಗದಿದ್ದರೆ ‘ಆಮೇಲೆ’ ಎನ್ನದೆ ‘ಈಗ ಆಗಲ್ಲಮ್ಮ, ಎಂಟು ಗಂಟೆಗೆ ಕೂತ್ಕೋತೀನಿ’ ಎನ್ನಿ, ಎಂಟಕ್ಕೆ ಕೂತುಕೊಳ್ಳಿ. ಸುಳ್ಳು ಕುತೂಹಲ ಬೇಗ ಗೊತ್ತಾಗುತ್ತದೆ, ಪ್ರಾಮಾಣಿಕವಾದ ‘ಈಗ ಆಗಲ್ಲ’ ಅದಕ್ಕಿಂತ ಎಷ್ಟೋ ಕಡಿಮೆ ನೋಯಿಸುತ್ತದೆ.

ಕೇಳುವವರ ಕೆಲಸ ಕಷ್ಟದ್ದಲ್ಲ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಬೇಕು, ಅಷ್ಟೇ ಕಟ್ಟುನಿಟ್ಟು. ಈ ಕಾರಣಕ್ಕೇ ಮೊಬೈಲಿನ ಟೈಮರ್ ಇಲ್ಲಿ ಬದಲಿಯಾಗಲಾರದು: ಒಂದು ವಾಟ್ಸ್ಆ್ಯಪ್ ಸಂದೇಶ ಬಂದರೆ ಗಮನವೂ ಹೋಯಿತು, ಕೊಟ್ಟ ಮಾತೂ ಹೋಯಿತು. ಮುಖ ನೋಡುತ್ತಲೇ ಕೂರಬೇಕೆಂದಿಲ್ಲ. ಅವರೆಕಾಯಿ ಬಿಡಿಸುತ್ತಾ, ಸೊಪ್ಪು ಸೋಸುತ್ತಾ ಪಕ್ಕಪಕ್ಕದಲ್ಲಿ ಕೂತು ಕೇಳಬಹುದು. ಕಣ್ಣಿಗೆ ಕಣ್ಣು ಕೂಡಿಸುವುದು ಕಷ್ಟವಾಗುವ ಅನೇಕರಿಗೆ ಇದೇ ಹೆಚ್ಚು ಹಿತ. ಕೇಳುತ್ತಿದ್ದೀರಿ ಎಂದು ತೋರಿಸಲು ಒಂದು ಸರದಿಗೆ ಒಂದು ನಿಜವಾದ ಪ್ರಶ್ನೆ ಸಾಕು. ‘ಅದು ಹಾಗೆ ಯಾಕೆ?’ ಎಂಬುದು ‘ಅಬ್ಬಾ, ಎಷ್ಟು ಗೊತ್ತು ನಿಂಗೆ!’ ಎಂಬುದಕ್ಕಿಂತ ಮೇಲು, ಏಕೆಂದರೆ ಮೊದಲನೆಯದು ವಿಷಯವನ್ನು ಮುಟ್ಟುತ್ತದೆ, ಎರಡನೆಯದು ಮಾತಿಗೆ ಮುಚ್ಚಳ ಹಾಕುತ್ತದೆ.

ಮಾತಾಡುವವರಿಗೂ ಒಂದು ತಯಾರಿ ಇದೆ. ಹನ್ನೆರಡು ನಿಮಿಷಕ್ಕೆ ‘ಭಾರತದ ನ್ಯಾರೋಗೇಜ್ ರೈಲುಗಳು’ ಹಿಡಿಯುವುದಿಲ್ಲ. ‘ಕೋಲಾರ–ಚಿಕ್ಕಬಳ್ಳಾಪುರದ ಹಳಿ ಮೊದಲು 762 ಮಿಲಿಮೀಟರ್ ಅಗಲ ಇತ್ತು, ಅದನ್ನು 1,676 ಮಿಲಿಮೀಟರಿನ ಬ್ರಾಡ್‌ಗೇಜ್ ಮಾಡುವಾಗ ಸೇತುವೆ, ತಿರುವು, ಪ್ಲಾಟ್‌ಫಾರಂ ಎಲ್ಲ ಯಾಕೆ ಬದಲಾಗಬೇಕು’ ಎಂಬುದು ಹಿಡಿಯುತ್ತದೆ. ‘ಡೆಮು ರೈಲು ಡೀಸೆಲ್ ಸುಟ್ಟು ತನ್ನ ಕರೆಂಟ್ ತಾನೇ ಮಾಡಿಕೊಳ್ಳುತ್ತದೆ, ಮೆಮು ಮೇಲಿನ 25 ಕಿಲೋವೋಲ್ಟ್ ತಂತಿಯಿಂದ ತೆಗೆದುಕೊಳ್ಳುತ್ತದೆ’ ಎಂಬುದೂ ಹಿಡಿಯುತ್ತದೆ. ಒಂದು ಸರದಿಗೆ ಒಂದೇ ಪ್ರಶ್ನೆ. ಕೇಳುವವರಿಗೆ ಗೊತ್ತಿರುವ ಜಾಗದಿಂದ ಹೊರಟರೆ ಇನ್ನೂ ಒಳ್ಳೆಯದು. ಅಪ್ಪ ಕೊಬ್ಬರಿ ವ್ಯಾಪಾರದವರಾದರೆ, ತಿಪಟೂರಿನ ಕೊಬ್ಬರಿ ಉತ್ತರ ಭಾರತಕ್ಕೆ ಹೋಗುವುದು ಅವರಿಗೆ ಗೊತ್ತಿರುವ ಮಾತು. ಅದನ್ನು ರೈಲಿನಲ್ಲಿ ಕಳಿಸುವುದಾದರೆ ಯಾವ ಯಾವ ಜಂಕ್ಷನ್ ದಾಟಬೇಕು ಎಂದು ಶುರುಮಾಡಿದರೆ ಅಪ್ಪನೇ ನಡುವೆ ಬಾಯಿ ಹಾಕುತ್ತಾರೆ. ಹಾಗೆ ಬಾಯಿ ಹಾಕಿದಾಗ ಕೆಂಪು ಸೊನ್ನೆಗೆ ಬಂದರೂ ಇಬ್ಬರೂ ಒಪ್ಪಿದರೆ ಮುಂದುವರಿಸಲು ಅಡ್ಡಿಯಿಲ್ಲ. ಆದರೆ ‘ಇನ್ನೊಂದ್ ಐದು ನಿಮಿಷ’ ಒಂದೇ ಸಲ.

ಕೆಲವು ಕಡೆ ಇದನ್ನು ಹೊರಗೆ ತೆಗೆಯಲೇಬಾರದು. ಶಾಲೆಯಲ್ಲೋ ಆಫೀಸಿನಲ್ಲೋ ಜರ್ಜರಿತವಾಗಿ ಮನೆಗೆ ಬಂದವರು ತಮ್ಮ ಪ್ರೀತಿಯ ವಿಷಯ ಹೇಳುತ್ತಾ ಹೇಳುತ್ತಾ ಸಮಾಧಾನಕ್ಕೆ ಬರುತ್ತಾರೆ. ಆಗ ಟೈಮರ್ ಇಡುವುದು, ಜ್ವರ ಬಂದವರ ಮೈಮೇಲಿನ ಹೊದಿಕೆಗೆ ಇಷ್ಟು ನಿಮಿಷ ಎಂದು ಲೆಕ್ಕ ಹಾಕಿದಂತೆ. ‘ಅನ್ನ ಖಾಲಿ ಮಾಡಿದ್ರೆ ಮಾತ್ರ ರೈಲು’ ಎಂದು ಬಹುಮಾನ ಅಥವಾ ಶಿಕ್ಷೆಯ ಸಾಮಾನಾಗಿ ಬಳಸುವುದನ್ನೂ ನಾನು ಒಪ್ಪುವುದಿಲ್ಲ. ಆಸಕ್ತಿ ಕಿತ್ತುಕೊಳ್ಳಬಹುದಾದ ವಸ್ತು ಎಂದು ಒಮ್ಮೆ ಅನಿಸಿದರೆ ಅದನ್ನು ಹಂಚಿಕೊಳ್ಳುವುದು ನಿಂತುಹೋಗುತ್ತದೆ. ಮಗಳ ಹದಿನೈದು ನಿಮಿಷ ಮುಗಿದ ಕೂಡಲೇ ‘ಈಗ ನನ್ನ ಸರದಿ, ನೀನು ಕೇಳು’ ಎಂದು ಅಣ್ಣ ಶುರುಮಾಡುವುದೂ ನಡೆಯದು. ಅಷ್ಟು ಬೇಗ ಗಮನ ಮೇಲೆ ಬರುವುದಿಲ್ಲ, ನಡುವೆ ಹತ್ತು ನಿಮಿಷವಾದರೂ ಬಿಡುವಿರಲಿ. ಆ ಹತ್ತು ನಿಮಿಷ ಬಿಟ್ಟ ಮೇಲೆ ಅಣ್ಣನ ಕ್ರಿಕೆಟ್ಟಿಗೂ ಅದೇ ಟೈಮರ್ ತಿರುಗಬೇಕು, ಅದು ನ್ಯಾಯ.

ಮರಳು ಗಡಿಯಾರ ಸಾಲದೇ ಎಂದು ಕೇಳಬಹುದು. 3, 5, 10 ನಿಮಿಷದವು ಅಗ್ಗ, ಸದ್ದೂ ಇಲ್ಲ. ಆದರೆ ಬಿಂದಿಯ ಗುರುತು ಅದರಲ್ಲಿ ಮಾಡಲಾಗದು, ಮಗು ತಳ್ಳಿ ಬೀಳಿಸಿದರೆ ಲೆಕ್ಕ ತಪ್ಪಿತು. ಆರೇಳು ವರ್ಷದೊಳಗಿನವರ ಐದು ನಿಮಿಷದ ಸರದಿಗೆ ಅದು ಸಾಕು. ದೊಡ್ಡವರಿಗೆ, ಮದುವೆಯಾದ ಮೇಲೆ ತಮಗೆ ಆಟಿಸಂ ಇದೆಯೆಂದು ತಿಳಿದವರಿಗೂ, ಕೆಂಪು ತಟ್ಟೆಯದೇ ಸರಿ. ಗಂಡ ಹೆಂಡತಿ ನಡುವೆ ಇದನ್ನಿಡುವುದು ಮಕ್ಕಳಾಟ ಅನಿಸಬಹುದು. ಹಾಗನಿಸಿದರೆ ಬಣ್ಣದ ಕವಚವಿಲ್ಲದ, ಸಾದಾ ಗಡಿಯಾರದಂತೆ ಕಾಣುವ ಬಗೆ ನೋಡಿ ಆರಿಸಿ.

ಹಬ್ಬಕ್ಕೆ ಊರಿಗೆ ಹೋಗುವಾಗ 3 ಇಂಚಿನ ಚಿಕ್ಕದೊಂದು ಚೀಲದಲ್ಲಿರಲಿ. ನೆಂಟರು ತುಂಬಿದ ಮನೆಯಲ್ಲಿ ಒಬ್ಬ ಚಿಕ್ಕಪ್ಪನೋ ಅಜ್ಜಿಯೋ ಹಿತ್ತಿಲ ಕಟ್ಟೆಯ ಮೇಲೆ ಹತ್ತು ನಿಮಿಷ ಕೂರಲು ಮೊದಲೇ ಒಪ್ಪಿದ್ದರೆ ಉಳಿದ ಗಲಾಟೆಯನ್ನು ತಡೆದುಕೊಳ್ಳುವುದು ಸುಲಭವಾಗುತ್ತದೆ. ವಾರಗಟ್ಟಲೆ ಬಳಸದಿರುವಾಗ ಸೆಲ್ ತೆಗೆದಿಡಿ, ಸೋರಿದರೆ ಒಳಗಿನ ತಗಡು ತುಕ್ಕು ಹಿಡಿದು ತಟ್ಟೆ ನಿಂತುಹೋಗುತ್ತದೆ.