ಫೋಲ್ಡರ್ ಹೇಗೋ ಸೈಟ್ ಹಾಗೆ: ಫೇರ್‌ಕ್ಯಾಂಪ್ ವಿಮರ್ಶೆ

ಮನೆಯಲ್ಲಿ ರೆಕಾರ್ಡ್ ಮಾಡಿದ ಹಾಡುಗಳನ್ನು ಸ್ವಂತ ವೆಬ್‌ಸೈಟಿಗೆ ಹಾಕಲು ದೊಡ್ಡ ಸಲಕರಣೆಯೇನೂ ಬೇಕಿಲ್ಲ. ಎಚ್‌ಟಿಎಂಎಲ್‌ನ ಆಡಿಯೊ ಟ್ಯಾಗ್ ಒಂದು, ಎಂಪಿ3 ಫೈಲ್ ಒಂದು, ಮುಗಿಯಿತು. ನಾಲ್ಕು ಹಾಡಿದ್ದರೆ ಅದೇ ಸಾಕು, ಈ ವಿಮರ್ಶೆಯನ್ನು ಇಲ್ಲಿಗೇ ಬಿಡಬಹುದು. ಹಾಡುಗಳು ನಲವತ್ತಾದಾಗ ಕಥೆ ಬೇರೆ: ಪ್ರತಿಯೊಂದಕ್ಕೂ ಪುಟ, ಮುಖಚಿತ್ರ, ಎರಡೆರಡು ಫಾರ್ಮ್ಯಾಟ್, ಇಡೀ ಆಲ್ಬಮ್ಮಿಗೊಂದು ಜಿಪ್. ಒಂದು ಹಾಡಿನ ಹೆಸರು ತಿದ್ದಿದರೆ ಐದು ಕಡೆ ತಿದ್ದಬೇಕು. ಫೇರ್‌ಕ್ಯಾಂಪ್ ಇರುವುದು ಈ ಕೆಲಸಕ್ಕೆ.

ಇದು ರಸ್ಟ್ ಭಾಷೆಯಲ್ಲಿ ಬರೆದ ಉಚಿತ, ಮುಕ್ತ ತಂತ್ರಾಂಶ. ಕಮಾಂಡ್ ಲೈನಿನಲ್ಲಿ ಓಡುತ್ತದೆ, ಹಿಂದೆ ಆಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಇರಲೇಬೇಕು. ಹಾಡುಗಳಿರುವ ಫೋಲ್ಡರಿನೊಳಗೆ ನಿಂತು ಫೇರ್‌ಕ್ಯಾಂಪ್ ಎಂದು ಬರೆದು ಎಂಟರ್ ಒತ್ತಿದರೆ ಪುಟಗಳು, ಪ್ಲೇಯರ್, ಸದ್ದಿನ ಏರಿಳಿತ ತೋರಿಸುವ ತರಂಗಚಿತ್ರ ಎಲ್ಲ ಸೇರಿದ ಪೂರ್ತಿ ಸ್ಟ್ಯಾಟಿಕ್ ಸೈಟ್ ತಯಾರು. ಡೇಟಾಬೇಸ್ ಇಲ್ಲ, ಸರ್ವರ್‌ನಲ್ಲಿ ಓಡಬೇಕಾದ ಪ್ರೋಗ್ರಾಂ ಇಲ್ಲ. ಫೈಲುಗಳನ್ನು ಹಾಗೇ ಬಡಿಸುವ ಯಾವ ಸರ್ವರ್ ಆದರೂ ಆದೀತು.

ಇದರ ದೊಡ್ಡ ಗುಣವೂ ದೊಡ್ಡ ತೊಂದರೆಯೂ ಒಂದೇ. ಫೋಲ್ಡರಿನಲ್ಲಿ ಏನಿದೆಯೋ ಅದನ್ನೇ ಎತ್ತಿ ಸೈಟಿನಲ್ಲಿ ಇಡುತ್ತದೆ. ಒಪ್ಪವಾಗಿಟ್ಟಿದ್ದರೆ ಅರ್ಧ ಗಂಟೆಯ ಕೆಲಸ. ಇಲ್ಲದಿದ್ದರೆ ಅಟ್ಟದ ಮೇಲಿನ ಸಾಮಾನನ್ನು ಬೀದಿಯವರಿಗೆಲ್ಲ ತೋರಿಸಿದಂತೆ.

ಮೊದಲು ಟ್ಯಾಗ್‌ಗಳ ವಿಚಾರ. ಆಡಿಯೊ ಫೈಲುಗಳಿರುವ ಪ್ರತಿ ಫೋಲ್ಡರನ್ನೂ ಇದು ಒಂದು ಆಲ್ಬಂ ಎಂದು ಲೆಕ್ಕ ಹಿಡಿಯುತ್ತದೆ. ಹಾಡಿನ ಹೆಸರು, ಕಲಾವಿದರ ಹೆಸರು, ಕ್ರಮಸಂಖ್ಯೆ ಎಲ್ಲವೂ ಫೈಲಿನೊಳಗೇ ಬರೆದಿಡುವ ವಿವರಗಳಿಂದ, ಅಂದರೆ ಟ್ಯಾಗ್‌ಗಳಿಂದ ಬರಬೇಕು. ಟ್ಯಾಗ್ ಇಲ್ಲದಿದ್ದರೆ ಫೈಲಿನ ಹೆಸರೇ ಹಾಡಿನ ಹೆಸರು. ‘ಹೊಸದು ಫೈನಲ್ 3’ ಎಂದು ಉಳಿಸಿದ್ದರೆ ಲೋಕಕ್ಕೆಲ್ಲ ಅದು ‘ಹೊಸದು ಫೈನಲ್ 3’. ಕಲಾವಿದರ ಹೆಸರನ್ನು ಒಂದು ಫೈಲಿನಲ್ಲಿ ಇನಿಷಿಯಲ್ ಸಮೇತ, ಇನ್ನೊಂದರಲ್ಲಿ ಇನಿಷಿಯಲ್ ಬಿಟ್ಟು ಬರೆದಿದ್ದರೆ ಅವರು ಇಬ್ಬರು ಬೇರೆ ಬೇರೆ ಕಲಾವಿದರು. ಕಲಾವಿದರ ವಿವರದ ಫೈಲಿನಲ್ಲಿ ‘ಇದೂ ಇವರದೇ ಹೆಸರು’ ಎಂದು ಬರೆದು ಕೂಡಿಸುವ ವ್ಯವಸ್ಥೆ ಇದೆಯಾದರೂ ಟ್ಯಾಗನ್ನೇ ತಿದ್ದುವುದು ಮೇಲು. ಕಿಡ್3 ಎಂಬ ಉಚಿತ ತಂತ್ರಾಂಶದಲ್ಲಿ ಇಡೀ ಆಲ್ಬಮ್ಮಿನ ಟ್ಯಾಗ್‌ಗಳನ್ನು ಒಟ್ಟಿಗೇ ಸರಿಮಾಡಬಹುದು.

ಕನ್ನಡದಲ್ಲಿ ಹೆಸರಿಡುವವರು ಎರಡು ಕಡೆ ಜೋಪಾನವಾಗಿರಬೇಕು. ಎಂಪಿ3ಯ ಹಳೇ ಐಡಿ3 ಮೊದಲ ಆವೃತ್ತಿಯ ಟ್ಯಾಗ್‌ನಲ್ಲಿ ಕನ್ನಡ ಅಕ್ಷರ ಕೂರುವುದಿಲ್ಲ, ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಎರಡನೇ ಆವೃತ್ತಿಯ ಟ್ಯಾಗ್ ಬಳಸಿ, ಅಥವಾ ಮೂಲವನ್ನೇ ಫ್ಲಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸುವ ಫಾರ್ಮ್ಯಾಟ್) ಮಾಡಿ. ಫ್ಲಾಕ್ ಟ್ಯಾಗ್‌ಗಳು ಹುಟ್ಟಿನಿಂದಲೇ ಯೂನಿಕೋಡ್. ಇನ್ನೊಂದು ತೊಡಕು ವಿಳಾಸದ್ದು. ಕನ್ನಡದ ಪ್ರತಿ ಯೂನಿಕೋಡ್ ಅಕ್ಷರಕ್ಕೆ ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ 3 ಬೈಟ್, ವೆಬ್ ವಿಳಾಸದಲ್ಲಿ ಒಂದೊಂದು ಬೈಟಿಗೆ ಶೇಕಡಾ ಚಿಹ್ನೆಯೊಂದಿಗೆ 3 ಗುರುತು. ‘ಮಳೆ’ ಎಂಬುದರಲ್ಲಿ ಮ, ಳ, ಎತ್ವ ಎಂದು ಮೂರು. ವಿಳಾಸದಲ್ಲಿ ಕನ್ನಡವೇ ಕೂತಿದ್ದರೆ, ಕಾಪಿ ಮಾಡಿ ಯಾರಿಗಾದರೂ ಕಳಿಸಿದಾಗ ಅದು 27 ಗುರುತುಗಳ ಗೋಜಲು. ಆದ್ದರಿಂದ ಆಲ್ಬಂ ಮತ್ತು ಹಾಡುಗಳಿಗೆ ಚಿಕ್ಕ ರೋಮನ್ ಪರ್ಮಾಲಿಂಕನ್ನು (ಬದಲಾಗದ ವಿಳಾಸವನ್ನು) ನೀವೇ ಕೊಡಿ. ಹೀಗೆ ಕೊಟ್ಟಿದ್ದರೆ ಮುಂದೆ ಹಾಡಿನ ಹೆಸರು ಬದಲಿಸಿದರೂ ಹಳೇ ಕೊಂಡಿ ಮುರಿಯುವುದಿಲ್ಲ.

ಪರ್ಮಾಲಿಂಕ್, ವಿವರಣೆ, ದಿನಾಂಕ, ಡೌನ್‌ಲೋಡ್ ನಿಯಮ ಇವನ್ನೆಲ್ಲ ಬರೆಯುವುದು ಫೋಲ್ಡರಿನಲ್ಲೇ ಇಡುವ ಚಿಕ್ಕ ಪಠ್ಯದ ಫೈಲುಗಳಲ್ಲಿ: ಇಡೀ ಸಂಗ್ರಹಕ್ಕೊಂದು, ಆಲ್ಬಮ್ಮಿಗೊಂದು, ಬೇಕಿದ್ದರೆ ಹಾಡಿಗೊಂದು. ಹೆಸರು, ಅದರ ಮುಂದೆ ಕೋಲನ್ (:), ಆಮೇಲೆ ಮೌಲ್ಯ. ಇಷ್ಟೇ ವ್ಯಾಕರಣ. ಮುಖಚಿತ್ರಕ್ಕೆ ಫೋಲ್ಡರಿನಲ್ಲಿ ಒಂದು ಚೌಕ ಚಿತ್ರವಿಟ್ಟರೆ ಸಾಕು. ಇಡದಿದ್ದರೆ ತಾನೇ ಏನೋ ವಿನ್ಯಾಸ ಬರೆದುಕೊಳ್ಳುತ್ತದೆ, ಅದೂ ಕೆಟ್ಟದಾಗೇನಿಲ್ಲ.

ಈಗ ಧ್ವನಿ. ಫೇರ್‌ಕ್ಯಾಂಪ್ ಹಾಡಿನ ಮಟ್ಟ ಸರಿಮಾಡಿ ಕೊಡುತ್ತದೆಂದು ನಂಬಿ ಕೂರಬೇಡಿ. ಆ ಕೆಲಸ ನಿಮ್ಮದು, ಅದೂ ಸೈಟ್ ಕಟ್ಟುವ ಮೊದಲು. ತಯಾರಾದ ಪುಟದಲ್ಲಿ ಹಾಡುಗಳ ತರಂಗಚಿತ್ರ ಒಂದರ ಕೆಳಗೊಂದು ಬರುವುದರಿಂದ ತಪ್ಪುಗಳು ಕಿವಿಗಿಂತ ಮೊದಲು ಕಣ್ಣಿಗೆ ಬೀಳುತ್ತವೆ. ಒಂದು ಹಾಡು ಬೇಲಿಯಂತೆ ಮೇಲಿಂದ ಕೆಳಗೆ ತುಂಬಿರುತ್ತದೆ, ಮುಂದಿನದು ದಾರದಂತೆ ಸಣ್ಣಗಿರುತ್ತದೆ. ಕೊನೆಯಲ್ಲಿ ಇಪ್ಪತ್ತು ಸೆಕೆಂಡು ಚಪ್ಪಟೆ ಗೆರೆ ಎಳೆದಿದ್ದರೆ, ರೆಕಾರ್ಡಿಂಗ್ ನಿಲ್ಲಿಸಲು ಎದ್ದು ಹೋದದ್ದನ್ನು ಕತ್ತರಿಸಿಲ್ಲವೆಂದರ್ಥ.

ಮಟ್ಟ ಸರಿಮಾಡಲು ಎಫ್‌ಎಫ್‌ಎಂಪೆಗ್‌ನ ಲೌಡ್‌ನಾರ್ಮ್ ಫಿಲ್ಟರನ್ನು ಬಹಳ ಜನ ಕಣ್ಣುಮುಚ್ಚಿ ಬಳಸುತ್ತಾರೆ. ಅದರಲ್ಲಿ ಎರಡು ಹಳ್ಳಗಳಿವೆ. ಒಂದೇ ಸುತ್ತಿನಲ್ಲಿ ಓಡಿಸಿದರೆ ಅದು ಹಾಡಿನುದ್ದಕ್ಕೂ ಮಟ್ಟವನ್ನು ಏರಿಸಿ ಇಳಿಸಿ ಮಾಡುತ್ತದೆ. ಮೆಲ್ಲಗೆ ಹಾಡಿದ ಸಾಲು ಉಬ್ಬುತ್ತದೆ, ಅದರ ಜೊತೆ ಫ್ಯಾನಿನ ಸದ್ದೂ ಉಬ್ಬುತ್ತದೆ. ಮೊದಲ ಸುತ್ತಿನಲ್ಲಿ ಅಳತೆ ಮಾತ್ರ ತೆಗೆದು, ಆ ಅಂಕಿಗಳನ್ನು ಎರಡನೇ ಸುತ್ತಿಗೆ ಕೊಟ್ಟು, ಇಡೀ ಹಾಡಿಗೆ ಒಂದೇ ಏರಿಕೆ ಕೊಡುವ ರೇಖೀಯ ವಿಧಾನದಲ್ಲಿ ಓಡಿಸಬೇಕು. ಅಷ್ಟು ಮಾಡಿದರೂ ಶಿಖರ (ತರಂಗದ ಅತಿ ಎತ್ತರದ ಬಿಂದು) ಮಿತಿ ಮೀರುವಂತಿದ್ದರೆ ಫಿಲ್ಟರ್ ಸದ್ದಿಲ್ಲದೆ ಏರಿಸಿ ಇಳಿಸುವ ಹಳೇ ವಿಧಾನಕ್ಕೇ ಮರಳುತ್ತದೆ. ಎರಡನೇ ಹಳ್ಳ ಸ್ಯಾಂಪಲ್ ದರದ್ದು, ಅಂದರೆ ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದು ಬರೆದಿದೆ ಎಂಬುದರದ್ದು. ಈ ಹಳೇ ವಿಧಾನದಲ್ಲಿ ಓಡಿದಾಗ ಫಿಲ್ಟರ್ ಆಡಿಯೊವನ್ನು 192 ಕಿಲೋಹರ್ಟ್ಸ್‌ಗೆ ಏರಿಸಿಕೊಳ್ಳುತ್ತದೆ. ಹೊರಬರುವ ದರ 48 ಅಥವಾ 44.1 ಎಂದು ಬಾಯಿಬಿಟ್ಟು ಹೇಳದಿದ್ದರೆ ಕುಗ್ಗಿಸದ ವೇವ್ ಫೈಲು ನಾಲ್ಕು ಪಟ್ಟು ದಪ್ಪಗಾಗಿ ಬರುತ್ತದೆ, ಕೇಳಲು ಒಂದಿಷ್ಟೂ ವ್ಯತ್ಯಾಸವಿಲ್ಲದೆ.

ಆಲ್ಬಮ್ಮಿಗಾದರೆ ಈ ಫಿಲ್ಟರನ್ನೇ ಬಿಡುವುದು ಒಳ್ಳೆಯದು. ಪ್ರತಿ ಹಾಡನ್ನೂ ಒಂದೇ ಮಟ್ಟಕ್ಕೆ ತಂದರೆ, ಮೆಲ್ಲಗಿರಬೇಕೆಂದೇ ಮಾಡಿದ ಹಾಡು ಅಬ್ಬರದ ಹಾಡಿನಷ್ಟೇ ಜೋರಾಗುತ್ತದೆ. ಎಲ್ಲ ಹಾಡುಗಳ ಮಟ್ಟವನ್ನು ಅಳೆದು, ಎಲ್ಲಕ್ಕೂ ಒಂದೇ ಏರಿಕೆ ಕೊಡಿ. ಅತಿ ಜೋರಿನದು −17 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಇದ್ದು ಅದನ್ನು −14ಕ್ಕೆ ತರಬೇಕೆಂದರೆ 3 ಡೆಸಿಬೆಲ್. ಆ 3 ಡೆಸಿಬೆಲನ್ನೇ ಎಲ್ಲಕ್ಕೂ ಕೊಟ್ಟರೆ −23ರಲ್ಲಿದ್ದ ಹಾಡು −20ಕ್ಕೆ ಬಂದು ತನ್ನ ಜಾಗದಲ್ಲೇ ಇರುತ್ತದೆ. ಶಿಖರವನ್ನೂ ನೋಡಿಕೊಳ್ಳಿ: ಟ್ರೂ ಪೀಕ್, ಅಂದರೆ ತರಂಗದ ನಿಜವಾದ ಶಿಖರ, −1 ಡೆಸಿಬೆಲ್ ದಾಟಬಾರದು. ಶಿಖರ ಆಗಲೇ −2ರಲ್ಲಿದ್ದರೆ ನಿಮಗೆ ಸಿಗುವ ಏರಿಕೆ ಒಂದೇ ಡೆಸಿಬೆಲ್, ಅದಕ್ಕಿಂತ ಹೆಚ್ಚು ಬೇಕಾದರೆ ಮಿಕ್ಸ್‌ನಲ್ಲಿ ಶಿಖರಗಳನ್ನು ತಡೆಯುವ ಲಿಮಿಟರ್ ಹಾಕಬೇಕು. ಆ ಒಂದು ಡೆಸಿಬೆಲ್ ಖಾಲಿ ಜಾಗ ಬಿಡುವುದು ಯಾಕೆಂದರೆ, ಎಂಪಿ3 ಮತ್ತು ಓಪಸ್ ಎಂಬ ಕುಗ್ಗಿಸಿದ ಫಾರ್ಮ್ಯಾಟ್‌ಗಳಾಗಿ ಬದಲಾಗುವಾಗ ತರಂಗದ ಆಕಾರ ತುಸು ಬದಲಾಗಿ ಶಿಖರಗಳು ಮೇಲೇಳುತ್ತವೆ. ಸೊನ್ನೆಗೆ ಒತ್ತಿಟ್ಟ ಹಾಡು ಆಗ ಚರ್ ಎನ್ನುತ್ತದೆ.

ಮೂಲವಾಗಿ ಎಂಪಿ3 ಕೊಡಬೇಡಿ. ಸೈಟಿನಲ್ಲಿ ಕೇಳಿಸಲೆಂದು ಫೇರ್‌ಕ್ಯಾಂಪ್ ಓಪಸ್ ಒಂದನ್ನೂ ಅದನ್ನು ನುಡಿಸಲಾಗದ ಬ್ರೌಸರ್‌ಗಳಿಗೆ ಎಂಪಿ3 ಒಂದನ್ನೂ ಮಾಡಿಕೊಳ್ಳುತ್ತದೆ. ಎಂಪಿ3ಯಿಂದ ಮತ್ತೆ ಎಂಪಿ3 ಎಂದರೆ ಜೆರಾಕ್ಸ್‌ನ ಜೆರಾಕ್ಸ್. ತಾಳ, ಗೆಜ್ಜೆ, ಚಪ್ಪಾಳೆಯಂಥ ಚುರುಕಿನ ಸದ್ದಿನ ಮುಂಚೆ ಒಂದು ಕೊಳಕು ‘ಷ್’ ಕೇಳಿಸತೊಡಗುವುದು ಇಲ್ಲೇ. 16 ಅಥವಾ 24 ಬಿಟ್‌ನ ಫ್ಲಾಕ್ ಕೊಡಿ. ವೇವ್‌ಗೆ ಹೋಲಿಸಿದರೆ ಸುಮಾರು ಅರ್ಧ ಗಾತ್ರ, ಟ್ಯಾಗ್‌ಗೂ ತೊಂದರೆಯಿಲ್ಲ.

ಒಂದರಿಂದ ಇನ್ನೊಂದಕ್ಕೆ ನಿಲ್ಲದೆ ಹರಿಯುವ ಕಛೇರಿ ರೆಕಾರ್ಡಿಂಗ್ ಇದ್ದರೆ ಅದನ್ನು ತುಂಡು ಮಾಡದೆ ಒಂದೇ ಫೈಲಾಗಿ ಇಡಿ. ಎಂಪಿ3 ಎನ್‌ಕೋಡರ್ ಫೈಲಿನ ಎರಡೂ ತುದಿಗೆ ಚೂರು ಮೌನ ಸೇರಿಸುತ್ತದೆ, ಬ್ರೌಸರ್ ಕೂಡ ಮುಂದಿನ ಫೈಲು ಎತ್ತಿಕೊಳ್ಳಲು ಒಂದು ಕ್ಷಣ ತೆಗೆದುಕೊಳ್ಳುತ್ತದೆ. ನಡುವೆ ಬಿಕ್ಕಳಿಕೆ ಬಂದೇ ಬರುತ್ತದೆ.

ಜಾಗದ ಲೆಕ್ಕ ಹಾಕದೆ ಡೌನ್‌ಲೋಡ್ ತೆರೆದವರು ಆಮೇಲೆ ಪೇಚಾಡುತ್ತಾರೆ. 40 ನಿಮಿಷದ ಆಲ್ಬಂ ಒಂದನ್ನು ಹಿಡಿಯೋಣ. ಸಿಡಿ ಗುಣಮಟ್ಟದ ವೇವ್ ನಿಮಿಷಕ್ಕೆ 10.6 ಎಂಬಿ, ಒಟ್ಟು 423 ಎಂಬಿ. ಫ್ಲಾಕ್ ಹೆಚ್ಚುಕಡಿಮೆ 240. ಉತ್ತಮ ಗುಣಮಟ್ಟದ (ವಿ0) ಎಂಪಿ3 ಸುಮಾರು 73. ಕೇಳಿಸಲು ಬೇಕಾದ ಓಪಸ್ 96 ಕೆಬಿಪಿಎಸ್‌ನಲ್ಲಾದರೆ 29 ಎಂಬಿ, ಅದರ ಜೊತೆಯ ಎಂಪಿ3ಗೆ ಇನ್ನೊಂದು 40. ಅಂದರೆ ಬರೀ ಕೇಳಿಸುವ ಸೈಟಿಗೆ 70 ಎಂಬಿ ಸಾಲುತ್ತದೆ. ಫ್ಲಾಕ್, ಎಂಪಿ3 ಜಿಪ್‌ಗಳನ್ನು ಸೇರಿಸಿದರೆ 380 ದಾಟುತ್ತದೆ, ವೇವ್ ಕೂಡ ಇಟ್ಟರೆ 800. ಇಡೀ ಆಲ್ಬಮ್ಮಿನ ಡೌನ್‌ಲೋಡ್, ಬಿಡಿ ಹಾಡಿನ ಡೌನ್‌ಲೋಡ್ ಎರಡೂ ಬೇರೆ ಬೇರೆ ಆಯ್ಕೆಗಳು. ಎರಡನ್ನೂ ತೆರೆದರೆ ಅದೇ ಆಡಿಯೊ ಎರಡು ಸಲ ಕೂರುತ್ತದೆ. ಫ್ಲಾಕ್ ಬಿಚ್ಚಿದರೆ ವೇವ್‌ನ ಒಂದು ಬಿಟ್ಟೂ ಬಿಡದೆ ಸಿಗುವಾಗ ವೇವ್ ಬೇರೆ ಯಾಕೆ? ಫ್ಲಾಕ್ ಒಂದು, ಎಂಪಿ3 ಒಂದು, ಮುಗಿಸಿ.

ಇದೇ ಲೆಕ್ಕ ಎಲ್ಲಿ ಹೋಸ್ಟ್ ಮಾಡಬೇಕೆಂಬುದನ್ನೂ ತೀರ್ಮಾನಿಸುತ್ತದೆ. ಗಿಟ್‌ಹಬ್ ಪೇಜಸ್‌ನಲ್ಲಿ ಸೈಟಿನ ಗಾತ್ರ 1 ಜಿಬಿ, ಗಿಟ್‌ಗೆ ಸೇರಿಸುವ ಒಂದೊಂದು ಫೈಲು 100 ಎಂಬಿ ಮೀರುವಂತಿಲ್ಲ. ಮೇಲಿನ ಫ್ಲಾಕ್ ಜಿಪ್ ಅಲ್ಲೇ ಬಿತ್ತು, ಪುಶ್ ತಿರಸ್ಕೃತ. ತಿಂಗಳಿಗೆ 100 ಜಿಬಿ ಸಾಗಣೆಯ ಮಿತಿ ಮಾತ್ರ ಹೆದರುವಂಥದ್ದಲ್ಲ: ಹಾಡಿಗೆ 3 ಎಂಬಿಯಂತೆ ಮೂವತ್ತು ಸಾವಿರಕ್ಕೂ ಹೆಚ್ಚು ಸಲ ಕೇಳಬಹುದು. ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ಫೈಲಿಗೆ 25 ಎಂಬಿ, ಅಲ್ಲಿ ನಾಲ್ಕು ನಿಮಿಷದ ಫ್ಲಾಕ್ ಕೂಡ ಅಂಚಿನಲ್ಲೇ. ನಿಯೊಸಿಟೀಸ್‌ನ ಉಚಿತ ಖಾತೆಗೆ ಎಂಪಿ3 ಏರಿಸಲಿಕ್ಕೇ ಬಿಡುವುದಿಲ್ಲ. ಬರೀ ಕೇಳಿಸುವುದಾದರೆ ಮೊದಲ ಎರಡರಲ್ಲಿ ಯಾವುದಾದರೂ ಸರಿ. ಡೌನ್‌ಲೋಡ್ ಕೊಡಬೇಕೆಂದರೆ ಸಾಮಾನ್ಯ ವೆಬ್ ಹೋಸ್ಟಿಂಗ್ ಅಥವಾ ಸ್ವಂತ ಸರ್ವರ್ ವಾಸಿ.

ಏರಿಸುವಾಗ ಮೊದಲ ಸಲ ಎಲ್ಲರೂ ಎಡವುವ ಜಾಗವೊಂದಿದೆ. ತಯಾರಾದ ಸೈಟ್ ಕೂರುವ ಫೋಲ್ಡರಿನ ಹೆಸರು ಚುಕ್ಕಿಯಿಂದ ಶುರುವಾಗುತ್ತದೆ, ಹಾಗಾಗಿ ಲಿನಕ್ಸ್ ಮತ್ತು ಮ್ಯಾಕ್‌ನ ಫೈಲ್ ಮ್ಯಾನೇಜರಿನಲ್ಲಿ ಕಾಣುವುದೇ ಇಲ್ಲ. ಅಡಗಿದ ಫೈಲುಗಳನ್ನು ತೋರಿಸುವ ಆಯ್ಕೆ ಹಾಕಿಕೊಳ್ಳಿ. ಅಲ್ಲಿ ಎರಡಿರುತ್ತವೆ: ಬಿಲ್ಡ್ ಮತ್ತು ಕ್ಯಾಶೆ. ಏರಿಸಬೇಕಾದ್ದು ಬಿಲ್ಡ್, ಅದೂ ಫೋಲ್ಡರನ್ನಲ್ಲ, ಒಳಗಿರುವುದನ್ನು. ಫೈಲು ಸಾಗಿಸಲು ಆರ್‌ಸಿಂಕ್ ಕಮಾಂಡ್ ಬಳಸುವವರು ಮೂಲದ ಹೆಸರಿನ ಕೊನೆಗೆ ಓರೆಗೆರೆ ಮರೆತರೆ ಫೋಲ್ಡರೇ ಹೋಗಿ ಕೂತು ಮುಖಪುಟ ತೆರೆಯುವುದಿಲ್ಲ. ಕ್ಯಾಶೆಯನ್ನು ಅಳಿಸಬೇಡಿ. ಬದಲಾಯಿಸಿದ ಆಡಿಯೊವೆಲ್ಲ ಇರುವುದು ಅದರಲ್ಲಿ. ಇದ್ದರೆ ಎರಡನೇ ಸಲ ಸೈಟ್ ಕಟ್ಟುವುದು ಕ್ಷಣದ ಮಾತು, ಇಲ್ಲದಿದ್ದರೆ ಮತ್ತೆ ಮೊದಲಿಂದ.

ಸೈಟ್ ತೆರೆದಿದೆ, ಹಾಡು ಬರುತ್ತಿದೆ, ಆದರೆ ನಡುವಿಗೆ ಜಗ್ಗಿದರೆ ಮತ್ತೆ ಮೊದಲಿಗೇ ಬರುತ್ತದೆ. ಸಫಾರಿಯಲ್ಲಾದರೆ ಹಾಡೇ ಶುರುವಾಗುವುದಿಲ್ಲ. ಇದು ಫೇರ್‌ಕ್ಯಾಂಪ್‌ನ ತಪ್ಪಲ್ಲ. ಫೈಲಿನ ಒಂದು ತುಂಡನ್ನು ಮಾತ್ರ ಕೇಳುವ ರೇಂಜ್ ಕೋರಿಕೆಗೆ ನಿಮ್ಮ ಸರ್ವರ್ ಉತ್ತರ ಕೊಡುತ್ತಿಲ್ಲ. ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಪಟ್ಟಿ ತೆರೆದು ಆಡಿಯೊ ಫೈಲಿನ ಮುಂದಿನ ಅಂಕಿ ನೋಡಿ. 206 ಇದ್ದರೆ ಸರಿ, 200 ಇದ್ದರೆ ರೋಗ ಅದೇ. ಅಪಾಚೆ, ಎಂಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶಗಳು ಸ್ಟ್ಯಾಟಿಕ್ ಫೈಲುಗಳಿಗೆ ಇದನ್ನು ತಾವಾಗಿಯೇ ಮಾಡುತ್ತವೆ. ಪೈಥಾನ್ ಜೊತೆ ಬರುವ ಪುಟ್ಟ ಸರ್ವರ್ ಮಾಡುವುದಿಲ್ಲ. ಅದರಲ್ಲಿ ಪರೀಕ್ಷೆ ಮಾಡಿ ಸೈಟೇ ಕೆಟ್ಟಿದೆ ಎಂದುಕೊಳ್ಳಬೇಡಿ.

ಸಂಗ್ರಹದ ಫೈಲಿನಲ್ಲಿ ಸೈಟಿನ ಪೂರ್ಣ ವಿಳಾಸ ಬರೆಯುವುದನ್ನೂ ಮರೆಯಬಾರದು. ಅದಿಲ್ಲದಿದ್ದರೆ ಹೊಸ ಹಾಡು ಬಂದಾಗ ಸುದ್ದಿ ಮುಟ್ಟಿಸುವ ಆರ್‌ಎಸ್‌ಎಸ್ ಫೀಡ್ ಹುಟ್ಟುವುದಿಲ್ಲ.

ಡೌನ್‌ಲೋಡಿಗೆ ಕೋಡ್ ಇಡುವ, ಹಣ ಕೇಳುವ ಸೌಕರ್ಯಗಳೂ ಇವೆ. ಅವನ್ನು ಬೀಗ ಎಂದುಕೊಳ್ಳಬಾರದು. ಸ್ಟ್ಯಾಟಿಕ್ ಸೈಟಿನಲ್ಲಿ ಯಾರು ಹಣ ಕೊಟ್ಟರೆಂದು ನೋಡುವವರೇ ಇಲ್ಲ. ಹಣದ ಪರದೆ ಎಂದರೆ ಕೊಟ್ಟಿದ್ದೇನೆ ಎಂದು ಒತ್ತಿದವರನ್ನು ನಂಬಿ ಬಾಗಿಲು ಬಿಡುವ ಪದ್ಧತಿ. ಕೋಡಿನದೂ ಅಷ್ಟೇ, ಒಳಗಿನ ವಿಳಾಸ ಒಬ್ಬರ ಕೈಯಿಂದ ಹೊರಬಿದ್ದರೆ ಎಲ್ಲರದೂ ಆಗುತ್ತದೆ. ಪರಿಚಯದ ಕೇಳುಗರ ನಡುವೆ ಇದು ಸಾಕು, ಮಾರಾಟವೇ ಉದ್ದೇಶವಾದರೆ ಇದು ತಕ್ಕ ಸಾಧನವಲ್ಲ. ಬೇರೆಯವರ ರಚನೆಯನ್ನು ನೀವು ಹಾಡಿದ್ದರೆ, ಉಚಿತವಾಗಿ ಕೊಟ್ಟರೂ ರಚನೆಯ ಹಕ್ಕು ಅವರದೇ ಎಂಬುದು ನೆನಪಿರಲಿ.

ಎಷ್ಟು ಜನ ಕೇಳಿದರು ಎಂಬ ಅಂಕಿಯೂ ಸಿಗದು. ಸರ್ವರ್ ಲಾಗ್ ತೆಗೆದು ಎಣಿಸಬಹುದೇನೋ, ಆದರೆ ಒಬ್ಬರೇ ಒಂದು ಹಾಡನ್ನು ಅಲ್ಲಿಲ್ಲಿ ಜಗ್ಗಿ ಕೇಳಿದರೂ ನಾಲ್ಕಾರು 206ಗಳು ಬೀಳುತ್ತವೆ. ಆ ಎಣಿಕೆಯನ್ನು ನಂಬಿ ಖುಷಿಪಡುವಂತಿಲ್ಲ. ಬಣ್ಣ, ಹಿನ್ನೆಲೆಗಳನ್ನು ಬದಲಿಸಬಹುದು, ಪುಟದ ಚೌಕಟ್ಟು ಮಾತ್ರ ಅವರು ಕೊಟ್ಟದ್ದೇ. ಹಾಡಿನ ಜೊತೆ ಉದ್ದುದ್ದ ಬರಹ, ಫೋಟೊ ಸರಣಿ ಹಾಕುವ ಆಸೆಯಿದ್ದರೆ ಅದನ್ನು ಬೇರೆ ಪುಟದಲ್ಲಿ ಬರೆದು ಇಲ್ಲಿಗೆ ಕೊಂಡಿ ಕೊಡುವುದು ಸಲೀಸು.

ಹೋಸ್ಟ್ ಬದಲಿಸುವ ದಿನ ಬಂದಾಗ ಮಾಡಬೇಕಾದ್ದು ಸ್ವಲ್ಪವೇ. ಡೊಮೈನ್ ಕೂಡ ಬೇರೆಯಾದರೆ ಸಂಗ್ರಹದ ಫೈಲಿನಲ್ಲಿ ವಿಳಾಸ ತಿದ್ದಿ, ಮತ್ತೊಮ್ಮೆ ಎಂಟರ್ ಒತ್ತಿ, ಬಿಲ್ಡ್‌ನ ಒಳಗಿರುವುದನ್ನು ಹೊಸ ಜಾಗಕ್ಕೆ ಏರಿಸುವುದು. ಬ್ಯಾಕಪ್ ಬೇಕಿರುವುದು ಫ್ಲಾಕ್‌ಗಳಿಗೆ, ಚಿತ್ರಗಳಿಗೆ, ಆ ಪುಟ್ಟ ಪಠ್ಯದ ಫೈಲುಗಳಿಗೆ ಮಾತ್ರ.