ಐದು ಡಾಲರ್ ಉಳಿಸಲು ಹೋದೆ: ಹಳೇ ಗೇಮ್ ಡಿಸ್ಕ್ ಕೊಳ್ಳುವ ಮುಂಚೆ ಚೀಟಿ ನೋಡಿ

ಎಕ್ಸ್‌ಬಾಕ್ಸ್ 360 ಅಥವಾ ಪ್ಲೇಸ್ಟೇಷನ್ 3ರಂಥ ಹಳೇ ಕನ್ಸೋಲ್‌ಗೆ, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಪೆಟ್ಟಿಗೆಗೆ, ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಡಿಸ್ಕ್ ಮೇಲೆ ಗೀರು ಇದೆಯಾ ಅಂತ ಎಲ್ಲರೂ ನೋಡುತ್ತಾರೆ. ನಾನೂ ನೋಡಿದ್ದೆ, ಟ್ಯೂಬ್‌ಲೈಟ್ ಕೆಳಗೆ ಹಿಡಿದು, ತಿರುಗಿಸಿ ತಿರುಗಿಸಿ. ಒಂದೇ ಒಂದು ಗೀರು ಇರಲಿಲ್ಲ. ನಾನು ಕೆಟ್ಟಿದ್ದು ಡಬ್ಬಿಯೊಳಗಿನ ಅಂಗೈಯಗಲದ ಚೀಟಿಯಿಂದ. ಅದೂ ಎರಡು ಸಲ, ಹನ್ನೆರಡು ವರ್ಷದ ಅಂತರದಲ್ಲಿ.

ಮೊದಲ ಸಲ 2012ರ ಜನವರಿ. ಪ್ರಾಜೆಕ್ಟ್ ಕೆಲಸಕ್ಕೆಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೋಗಿದ್ದೆ. ಒಂದು ಮನೆಯಲ್ಲಿ ನಾಲ್ಕು ಜನ ಹುಡುಗರು, ಎಲ್ಲರ ನಡುವೆ ಒಂದು ಎಕ್ಸ್‌ಬಾಕ್ಸ್. ಶನಿವಾರ ಅಕ್ಕಿ ಬೇಳೆ ತರಲು ಹೋದವನು ಪಕ್ಕದ ಗೇಮ್ ಅಂಗಡಿಗೆ ನುಗ್ಗಿದೆ. ದೊಡ್ಡ ಸರಣಿಯ ಅಂಗಡಿ ಅಲ್ಲ, ಒಬ್ಬನೇ ಮಾಲೀಕ ಕೂತಿರುವಂಥದ್ದು. ಒಂದು ರೇಸಿಂಗ್ ಗೇಮ್ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಹೊಸದಕ್ಕೆ 59.99 ಡಾಲರ್. ಅದರ ಪಕ್ಕದಲ್ಲೇ ಬಳಸಿದ್ದು, 54.99. ಐದು ಡಾಲರ್ ಅಂದರೆ ಆಗಿನ ಲೆಕ್ಕದಲ್ಲಿ ₹250. ಹೊಸದಾಗಿ ಹೋದವರಿಗೆ ಡಾಲರನ್ನು ಮನಸ್ಸಿನಲ್ಲೇ ರೂಪಾಯಿ ಮಾಡಿ ನೋಡುವ ಕಾಯಿಲೆ ಇರುತ್ತದೆ ಅಲ್ವಾ, ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಬಳಸಿದ್ದನ್ನೇ ತೆಗೆದುಕೊಂಡೆ.

ಮನೆಗೆ ಬಂದು ಡಿಸ್ಕ್ ಹಾಕಿದೆವು. ಒಬ್ಬನೇ ಆಡಿದರೆ ಓಡುತ್ತಿತ್ತು. ಆನ್‌ಲೈನ್ ರೇಸ್ ಒತ್ತಿದ ಕೂಡಲೇ 25 ಅಕ್ಷರಗಳ ಕೋಡ್ ಹಾಕಿ ಎಂದು ಪರದೆ ಕೇಳಿತು. ಡಬ್ಬಿಯಲ್ಲಿ ಚೀಟಿ ಇತ್ತು, ಅದರ ಮೇಲೆ ಕೋಡೂ ಇತ್ತು. ಖುಷಿಯಿಂದ ಒಂದೊಂದೇ ಅಕ್ಷರ ಹಾಕಿದೆ. ಕಂಟ್ರೋಲರ್‌ನಲ್ಲಿ 25 ಅಕ್ಷರ ಹೊಡೆಯುವುದು ಎಂಥ ಕೆಲಸ ಅಂತ ಮಾಡಿದವರಿಗೇ ಗೊತ್ತು. ಈ ಕೋಡ್ ಆಗಲೇ ಬಳಕೆಯಾಗಿದೆ ಎಂದು ಬಂತು. ಮೊದಲ ಮಾಲೀಕ ಅದನ್ನು ಹಾಕಿಕೊಂಡು ಆಡಿ, ಖಾಲಿ ಚೀಟಿಯನ್ನು ಡಬ್ಬಿಯಲ್ಲೇ ಬಿಟ್ಟು ಮಾರಿದ್ದ. ಪಾಪ, ಅವನದೇನೂ ತಪ್ಪಿಲ್ಲ.

ಹೊಸ ಕೋಡ್ ಬೇಕಾದರೆ 800 ಮೈಕ್ರೋಸಾಫ್ಟ್ ಪಾಯಿಂಟ್ ಕೊಡಿ ಎಂದು ಕೆಳಗೆ ಬರೆದಿತ್ತು. ಆಗ ಎಕ್ಸ್‌ಬಾಕ್ಸ್‌ನಲ್ಲಿ ಎಲ್ಲದರ ಬೆಲೆಯೂ ಪಾಯಿಂಟ್‌ನಲ್ಲೇ ಇರುತ್ತಿತ್ತು. 80 ಪಾಯಿಂಟ್‌ಗೆ ಒಂದು ಡಾಲರ್. ಅಂದರೆ 800ಕ್ಕೆ ಹತ್ತು ಡಾಲರ್. ಪಾಯಿಂಟ್ ಎಂದ ಕೂಡಲೇ ದುಡ್ಡು ಅನ್ನಿಸುವುದೇ ಇಲ್ಲ ನೋಡಿ, ಅದೂ ಒಂದು ಕೈಚಳಕ. ಅದರ ಮೇಲೆ ಆನ್‌ಲೈನ್ ಆಡಲೆಂದೇ ಗೋಲ್ಡ್ ಚಂದಾ ಅಂತ ವರ್ಷಕ್ಕೆ 60 ಡಾಲರ್ ಆಗಲೇ ಕಟ್ಟಿದ್ದೆವು. ಈಗ ಲೆಕ್ಕ ಹಾಕಿ. 54.99ಕ್ಕೆ ಹತ್ತು ಸೇರಿಸಿದರೆ 64.99. ಸೀಲ್ ಒಡೆಯದ ಹೊಸ ಡಬ್ಬಿಗಿಂತ ಐದು ಡಾಲರ್ ಜಾಸ್ತಿ ಕೊಟ್ಟು ನಾನು ಹಳೇದನ್ನು ತಂದಿದ್ದೆ.

ಮರುದಿನ ಅಂಗಡಿಗೆ ಹೋದೆ. ಮಾಲೀಕ ಶಾಂತವಾಗಿಯೇ ಕೇಳಿಸಿಕೊಂಡ. ವಾಪಸ್ ತೆಗೆದುಕೊಳ್ಳುವ ಪದ್ಧತಿ ಇಲ್ಲ, ಬೇಕಾದರೆ ನನಗೇ ಮಾರಿ, 20 ಡಾಲರ್ ಕೊಡುತ್ತೇನೆ ಎಂದ. ಹಿಂದಿನ ದಿನ 55ಕ್ಕೆ ಅವನೇ ಮಾರಿದ ಡಿಸ್ಕ್! ಕೋಡ್ ವಿಷಯ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀವು ಕೇಳಲಿಲ್ಲವಲ್ಲ ಎಂದ. ಸುಮ್ನೆ ಮನೆಗೆ ಬಂದು 800 ಪಾಯಿಂಟ್ ಕಟ್ಟಿದೆ. ಮೂವರು ಸೋಫಾ ಮೇಲೆ ಕಾಯುತ್ತಿದ್ದರು, ಬೇರೆ ದಾರಿ ಇರಲಿಲ್ಲ.

ಇದು ಆ ಒಂದು ಗೇಮಿನ ಕಿತಾಪತಿ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದೊಂದು ದೊಡ್ಡ ಪದ್ಧತಿ. 2010ರ ಸುಮಾರಿಗೆ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಇದನ್ನು ಜೋರಾಗಿ ಶುರು ಮಾಡಿತು. ಈ ಯೋಜನೆಗೆ 'ಪ್ರಾಜೆಕ್ಟ್ ಟೆನ್ ಡಾಲರ್' ಎಂಬ ಹೆಸರೇ ಇತ್ತು. ಆ ವರ್ಷದ 'ಮಾಸ್ ಎಫೆಕ್ಟ್ 2' ಗೇಮಿನಲ್ಲಿ ಹೊಸ ಡಬ್ಬಿ ಕೊಂಡವರಿಗೆ ಕೋಡ್ ಉಚಿತ, ಹಳೇದು ಕೊಂಡವರಿಗೆ 15 ಡಾಲರ್. ಆಮೇಲೆ ಅದರ ಕ್ರೀಡಾ ಗೇಮ್‌ಗಳಿಗೆಲ್ಲ ಹತ್ತು ಡಾಲರಿನ 'ಆನ್‌ಲೈನ್ ಪಾಸ್' ಬಂತು. ಟಿಎಚ್‌ಕ್ಯೂ ಎಂಬ ಇನ್ನೊಂದು ಕಂಪನಿ ತನ್ನ ಯುಎಫ್‌ಸಿ ಹೊಡೆದಾಟದ ಗೇಮ್‌ಗೆ ಐದು ಡಾಲರ್ ಇಟ್ಟಿತು. 2011ರಲ್ಲಿ ಯೂಬಿಸಾಫ್ಟ್ 'ಯೂಪ್ಲೇ ಪಾಸ್‌ಪೋರ್ಟ್' ಅಂದಿತು, ಸೋನಿ 'ಪಿಎಸ್ಎನ್ ಪಾಸ್' ಅಂದಿತು. ಹೆಸರು ಬೇರೆ ಬೇರೆ, ಚೀಟಿ ಒಂದೇ.

ಕಂಪನಿಗಳ ವಾದವನ್ನೂ ಹೇಳಿಬಿಡುತ್ತೇನೆ. ಹಳೇ ಡಿಸ್ಕ್ ಕೈ ಬದಲಾದಾಗ ದುಡ್ಡೆಲ್ಲ ಅಂಗಡಿಗೆ ಹೋಗುತ್ತದೆ, ಗೇಮ್ ಮಾಡಿದವರಿಗೆ ಬಿಡಿಗಾಸೂ ಬರುವುದಿಲ್ಲ, ಸರ್ವರ್ ಖರ್ಚು ಮಾತ್ರ ನಮ್ಮದು ಎನ್ನುತ್ತಿದ್ದರು. 20ಕ್ಕೆ ಕೊಂಡು 55ಕ್ಕೆ ಮಾರುವ ಅಂಗಡಿಯವನನ್ನು ನೋಡಿದ ಮೇಲೆ ಅವರ ಹೊಟ್ಟೆಯುರಿ ನನಗೂ ಅರ್ಥವಾಯಿತು. ಆದರೆ ಸರ್ವರ್ ಮಾತು ಅರ್ಧ ಮಾತ್ರ ನಿಜ. ಮಾರಿದವನು ಆಟ ಬಿಟ್ಟ, ಕೊಂಡವನು ಅವನ ಜಾಗದಲ್ಲಿ ಕೂತ. ಸರ್ವರ್‌ಗೆ ಹೊಸ ಭಾರ ಏನು ಬಂತು? ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಂಡವನು ಹಾರ್ನ್ ಹೊಡೆಯಲು ಸ್ಕೂಟರ್ ಕಂಪನಿಗೆ ದುಡ್ಡು ಕಟ್ಟುತ್ತಾನಾ? ಆರ್‌ಟಿಓಗೆ ಕಟ್ಟುತ್ತಾನೆ, ಅದು ಬೇರೆ ವಿಷಯ.

ಆನ್‌ಲೈನ್‌ಗಾದರೂ ಸರ್ವರ್ ಎಂಬ ನೆಪ ಇತ್ತು. 2011ರ ಅಕ್ಟೋಬರ್‌ನಲ್ಲಿ ಬಂದ 'ಬ್ಯಾಟ್‌ಮ್ಯಾನ್: ಆರ್ಕಮ್ ಸಿಟಿ'ಗೆ ಆ ನೆಪವೂ ಇರಲಿಲ್ಲ. ಅದು ಒಬ್ಬರೇ ಕೂತು ಆಡುವ ಗೇಮ್. ಅದರಲ್ಲಿ ಕ್ಯಾಟ್‌ವುಮನ್ ಆಗಿ ಆಡುವ ಭಾಗಗಳಿಗೇ ಕೋಡ್ ಇಟ್ಟರು. ಹಳೇ ಡಿಸ್ಕ್ ಕೊಂಡವರು ಮತ್ತೆ ಹತ್ತು ಡಾಲರ್ ಕೊಟ್ಟರೆ ಮಾತ್ರ ಕ್ಯಾಟ್‌ವುಮನ್. ಮರುವರ್ಷ ಫೆಬ್ರವರಿಯಲ್ಲಿ ಬಂದ 'ಕಿಂಗ್‌ಡಮ್ಸ್ ಆಫ್ ಅಮಲೂರ್'ನಲ್ಲೂ ಒಂದಿಷ್ಟು ಕಥೆಯನ್ನು ಹೀಗೆಯೇ ಬೀಗ ಹಾಕಿಟ್ಟಿದ್ದರು. ಈ ಬಗೆಯ ಬೀಗವೇ ಆಮೇಲೆ ನನ್ನ ಕಾಲಿಗೆ ಸುತ್ತಿಕೊಂಡದ್ದು.

ಇದೆಲ್ಲ ಕಾನೂನಿಗೆ ಹೇಗೆ ಸರಿ ಎಂದು ಆಗ ತಲೆ ಕೆಡಿಸಿಕೊಂಡು ಓದಿದೆ. ಅಮೆರಿಕದಲ್ಲಿ ಒಂದು ಹಳೇ ಮೊಕದ್ದಮೆ ಇದೆ. ಒಬ್ಬ ಪ್ರಕಾಶಕ ತನ್ನ ಪುಸ್ತಕದೊಳಗೆ, ಇದನ್ನು ಒಂದು ಡಾಲರ್‌ಗಿಂತ ಕಡಿಮೆಗೆ ಮಾರುವಂತಿಲ್ಲ ಎಂದು ಅಚ್ಚು ಹಾಕಿಸಿದ್ದ. ಮೇಸಿಸ್ ಅಂಗಡಿ ಅದನ್ನು 89 ಸೆಂಟ್‌ಗೆ ಮಾರಿತು. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅಂಗಡಿಯ ಪರ ತೀರ್ಪು ಕೊಟ್ಟಿತು. ಒಮ್ಮೆ ಮಾರಿದ ಮೇಲೆ ಆ ಪ್ರತಿಯನ್ನು ಮುಂದೆ ಎಷ್ಟಕ್ಕೆ ಮಾರಬೇಕು ಎಂದು ಪ್ರಕಾಶಕ ಹೇಳುವಂತಿಲ್ಲ. ನಮ್ಮ ಅವೆನ್ಯೂ ರೋಡ್‌ನಲ್ಲಿ ಹಳೇ ಪುಸ್ತಕ ಮಾರುವವರಿಗೆ ಈ ತೀರ್ಪು ಗೊತ್ತಿಲ್ಲದಿರಬಹುದು, ನಡೆಸುವುದು ಮಾತ್ರ ಅದೇ ನ್ಯಾಯ. ಗೇಮ್ ಕಂಪನಿಗಳು ಈ ನ್ಯಾಯವನ್ನು ಮುರಿಯಲೇ ಇಲ್ಲ, ಪಕ್ಕದಿಂದ ದಾಟಿದವು. ಡಿಸ್ಕ್ ನಿಮ್ಮದು, ಮಾರಿಕೊಳ್ಳಿ. ಕೋಡ್ ಮಾತ್ರ ಒಬ್ಬರ ಖಾತೆಗೆ ಅಂಟಿದ್ದು, ಅದು ಡಿಸ್ಕ್ ಜೊತೆ ಬರುವುದಿಲ್ಲ.

ಅಂಗಡಿಗಳ ಬಾಯಿ ಬಿಡಿಸಲು ಕೋರ್ಟಿಗೇ ಹೋಗಬೇಕಾಯಿತು. ಹಳೇ ಗೇಮ್‌ನ ಡಬ್ಬಿ ಮೇಲೆ ಉಚಿತ ಎಂದು ಬರೆದ ಭಾಗಕ್ಕೆ ಮತ್ತೆ ದುಡ್ಡು ಕೊಡಬೇಕಾಯಿತು ಎಂದು ಕ್ಯಾಲಿಫೋರ್ನಿಯಾದಲ್ಲಿ ಗೇಮ್‌ಸ್ಟಾಪ್ ಸರಣಿಯ ಮೇಲೆ 2010ರಲ್ಲಿ ದಾವೆ ಬಿದ್ದಿತ್ತು. 2012ರಲ್ಲಿ ರಾಜಿಯಾಯಿತು. ಅಲ್ಲಿನ ಅಂಗಡಿಗಳಲ್ಲಿ, ಹಳೇ ಗೇಮ್‌ಗೆ ಹೆಚ್ಚುವರಿ ಹಣ ಬೇಕಾಗಬಹುದು ಎಂದು ಎರಡು ವರ್ಷ ಬೋರ್ಡ್ ಹಾಕಲು ಒಪ್ಪಿಕೊಂಡರು. ನಾನು ಮೋಸ ಹೋಗಿ ಮೂರು ತಿಂಗಳಾಗಿತ್ತು ಅಷ್ಟೇ. ನನ್ನ ಅಂಗಡಿ ಆ ಸರಣಿಯದ್ದೂ ಅಲ್ಲ ಬಿಡಿ.

2013ರ ಮೇ ತಿಂಗಳಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಆನ್‌ಲೈನ್ ಪಾಸ್ ಕೈಬಿಟ್ಟಿತು. ಅದೇ ತಿಂಗಳು ಮೈಕ್ರೋಸಾಫ್ಟ್ ತನ್ನ ಹೊಸ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್ ತೋರಿಸಿ, ಹಳೇ ಡಿಸ್ಕ್ ಮಾರಾಟಕ್ಕೆ ಕಡಿವಾಣ ಹಾಕಲು ಹೊರಟಿತು. ಜನ ರೊಚ್ಚಿಗೆದ್ದರು. ಜೂನ್ 10ರಂದು ಸೋನಿ, ನಮ್ಮ ಹೊಸ ಪ್ಲೇಸ್ಟೇಷನ್ 4ನಲ್ಲಿ ಅಂಥದ್ದೇನೂ ಇಲ್ಲ ಎಂದು ಘೋಷಿಸಿತು. ಗೇಮ್ ಹಂಚಿಕೊಳ್ಳುವುದು ಹೇಗೆ ಎಂದು ಅರ್ಧ ನಿಮಿಷವೂ ಇರದ ಒಂದು ವಿಡಿಯೊ ಬಿಟ್ಟಿತು. ಅದರಲ್ಲಿ ಒಬ್ಬ ಇನ್ನೊಬ್ಬನ ಕೈಗೆ ಡಬ್ಬಿ ಕೊಡುತ್ತಾನೆ, ಅಷ್ಟೇ. ಜನ ಚಪ್ಪಾಳೆ ಹೊಡೆದರು. ಎರಡು ವರ್ಷದ ಹಿಂದೆ ಪಿಎಸ್ಎನ್ ಪಾಸ್ ತಂದವರೂ ಇವರೇ ಎಂಬುದು ಆ ಗಲಾಟೆಯಲ್ಲಿ ಮರೆತೇ ಹೋಯಿತು! ಜೂನ್ 19ಕ್ಕೆ ಮೈಕ್ರೋಸಾಫ್ಟ್ ಹಿಂದೆ ಸರಿಯಿತು. ವರ್ಷದ ಕೊನೆಗೆ ಯೂಬಿಸಾಫ್ಟ್ ಕೂಡ ಬಿಟ್ಟಿತು. ಕಥೆ ಮುಗಿಯಿತು ಎಂದು ನಾನು ಬೆಂಗಳೂರಿಗೆ ಮರಳಿದೆ. ಎಕ್ಸ್‌ಬಾಕ್ಸ್ ಅಟ್ಟ ಸೇರಿತು.

ಮುಗಿದಿರಲಿಲ್ಲ. 2024ರ ದಸರಾ ರಜೆಗೆ ಬಂದ ಅಕ್ಕನ ಮಗ ಅದನ್ನು ಅಟ್ಟದಿಂದ ಇಳಿಸಿದ. ಅಮೆರಿಕದ ಪವರ್ ಸಪ್ಲೈ ನಮ್ಮ 230 ವೋಲ್ಟ್ ತಡೆಯುವುದಿಲ್ಲ. ಎಸ್‌ಪಿ ರೋಡ್‌ಗೆ ಹೋಗಿ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದೆವು. ಇನ್ನೊಂದು ಗೋಳು ಏನೆಂದರೆ, ಇಲ್ಲಿ ಮಾರಾಟವಾದ ಎಷ್ಟೋ ಡಿಸ್ಕ್‌ಗಳು ಅಮೆರಿಕದ ಎಕ್ಸ್‌ಬಾಕ್ಸ್ 360ನಲ್ಲಿ ಓಡುವುದಿಲ್ಲ. ಹುಡುಕಿದಾಗ, ನನ್ನ ಹಾಗೆಯೇ ಅಲ್ಲಿಂದ ಮರಳಿದ ಒಬ್ಬರು ವೈಟ್‌ಫೀಲ್ಡ್‌ನಲ್ಲಿ ಸಿಕ್ಕರು. ಐದು ಡಿಸ್ಕ್, ₹1,500. ಒಳ್ಳೆಯವರು, ಕಾಫಿ ಕೊಟ್ಟು ಕಳಿಸಿದರು.

ಐದರಲ್ಲಿ ಒಂದು ಸಾಹಸದ ಗೇಮ್. ಹುಡುಗ ಎರಡು ದಿನ ಊಟ ತಿಂಡಿ ಮರೆತು ಆಡಿದ. ಮೂರನೇ ದಿನ ಕಥೆಯ ನಡುವೆ ಒಂದು ಭಾಗಕ್ಕೆ ಕೋಡ್ ಕೇಳಿತು. ಡಬ್ಬಿ ತೆಗೆದೆ. ಅದೇ ಚೀಟಿ, ಅದೇ 25 ಅಕ್ಷರ. ಹಾಕುವ ಮುಂಚೆಯೇ ಉತ್ತರ ಗೊತ್ತಿತ್ತು, ಆದರೂ ಹಾಕಿದೆ. ಬಳಕೆಯಾಗಿದೆ.

ಹೋಗಲಿ, ಹತ್ತು ಡಾಲರ್ ಕೊಟ್ಟುಬಿಡೋಣ ಎಂದುಕೊಂಡೆ. ಈ ಸಲ ಲೆಕ್ಕವನ್ನೂ ಹಾಕಲಿಲ್ಲ, ಮಗುವಿನ ಮುಖ ಹಾಗಿತ್ತು. ಆದರೆ ಕೊಡುವುದಕ್ಕೆ ಜಾಗವೇ ಇರಲಿಲ್ಲ. 2024ರ ಜುಲೈ 29ಕ್ಕೆ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360ರ ಸ್ಟೋರ್ ಮುಚ್ಚಿಬಿಟ್ಟಿದೆ. ಮೊದಲೇ ಕೊಂಡವರು ತಮ್ಮದನ್ನು ಮತ್ತೆ ಇಳಿಸಿಕೊಳ್ಳಬಹುದು. ಹೊಸದಾಗಿ ಕೊಳ್ಳುವ ಕೌಂಟರ್ ಇಲ್ಲ. 2012ರಲ್ಲಿ ಅದು ಹತ್ತು ಡಾಲರಿನ ಪ್ರಶ್ನೆಯಾಗಿತ್ತು, ಬೈದುಕೊಂಡು ಕಟ್ಟಿದರೆ ಮುಗಿಯುತ್ತಿತ್ತು. ಈಗ ಜೇಬಿನಲ್ಲಿ ದುಡ್ಡಿದ್ದರೂ ಆ ಡಿಸ್ಕ್ ಪೂರ್ತಿಯಾಗುವುದಿಲ್ಲ. ಅಂದಿನ ಚೀಟಿಗಳಿಂದ ಇಂದಿಗೆ ಉಳಿದ ದೊಡ್ಡ ತೊಂದರೆ ಇದು. ಮಾರುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ವೈಟ್‌ಫೀಲ್ಡ್‌ನವರಿಗೆ ಫೋನ್ ಮಾಡಿದಾಗ ಅವರಿಗೆ ಆ ಚೀಟಿಯ ನೆನಪೇ ಇರಲಿಲ್ಲ.

ಹಾಗಾಗಿ ಹಳೇ ಡಿಸ್ಕ್ ಕೊಳ್ಳುವಾಗ, ಮುಖ್ಯವಾಗಿ 2010ರಿಂದ 2013ರ ನಡುವೆ ಬಂದದ್ದಾದರೆ, ಡಬ್ಬಿಯ ಹಿಂಭಾಗದ ಸಣ್ಣ ಅಕ್ಷರ ಓದಿ. ಒಂದೇ ಸಲ ಬಳಸುವ ಕೋಡ್, ಆನ್‌ಲೈನ್ ಪಾಸ್ ಇಂಥ ಮಾತು ಕಂಡರೆ ಆ ಕೋಡ್ ಸತ್ತಿದೆ ಎಂದೇ ತಿಳಿದು ಬೆಲೆ ಮಾತಾಡಿ. ಬೀಗ ಹಾಕಿದ್ದು ಆನ್‌ಲೈನ್ ಭಾಗಕ್ಕೆ ಮಾತ್ರವಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅಂಥ ಬಹಳಷ್ಟು ಗೇಮ್‌ಗಳ ಸರ್ವರ್‌ಗಳೇ ಈಗಿಲ್ಲ. ಕಥೆಯ ಭಾಗಕ್ಕೆ ಬೀಗ ಇದ್ದರೆ ಮಾತ್ರ ಬೇಡ. ಅದೇ ಗೇಮ್ ಆಮೇಲೆ ಎಲ್ಲ ಸೇರಿಸಿದ ಆವೃತ್ತಿಯಾಗಿ ಬಂದಿದೆಯಾ ನೋಡಿ, ಅದನ್ನೇ ಕೊಳ್ಳಿ. ಕೊಳ್ಳುವ ಮುಂಚೆ, ಹೆಚ್ಚುವರಿ ಭಾಗ ಡಿಸ್ಕ್‌ನಲ್ಲೇ ಇದೆಯಾ ಇಲ್ಲ ಅಲ್ಲೂ ಕೋಡ್ ಇದೆಯಾ ಎಂದು ಕೇಳಿ. ಎರಡೂ ಥರ ಇರುತ್ತವೆ.

ಹೊಸ ಕನ್ಸೋಲ್‌ನವರು ನಗಬೇಡಿ. ನಿಮ್ಮಲ್ಲಿ ಚೀಟಿ ಇಲ್ಲ, ನಿಜ. ಡಿಸ್ಕ್ ಹಾಕುವ ಜಾಗವೇ ಇಲ್ಲದ ಪ್ಲೇಸ್ಟೇಷನ್ 5 2020ರಿಂದ ಮಾರಾಟದಲ್ಲಿದೆ. ಅದಕ್ಕೆ ಕೊಂಡ ಗೇಮನ್ನು ಹತ್ತು ಡಾಲರ್ ಕೊಟ್ಟರೂ ಇನ್ನೊಬ್ಬರಿಗೆ ಮಾರುವಂತಿಲ್ಲ. ಕೆಲವು ಡಬ್ಬಿಗಳಲ್ಲಿ ಡಿಸ್ಕೇ ಇರುವುದಿಲ್ಲ, ಡೌನ್‌ಲೋಡ್ ಕೋಡ್ ಮಾತ್ರ. ಅಂಥದ್ದನ್ನು ಸೆಕೆಂಡ್ ಹ್ಯಾಂಡ್ ಕೊಂಡರೆ ನಿಮಗೆ ಸಿಗುವುದು ಪ್ಲಾಸ್ಟಿಕ್ ಡಬ್ಬಿ. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2ನಲ್ಲಿ 'ಗೇಮ್ ಕೀ ಕಾರ್ಡ್' ಎಂದಿದೆ. ಕಾರ್ಡ್‌ನಲ್ಲಿ ಗೇಮ್ ಇಲ್ಲ, ಬೀಗದಕೈ ಇದೆ. ಮಾರಬಹುದು, ಕೊಳ್ಳಬಹುದು, ಆದರೆ ಗೇಮನ್ನು ನೆಟ್‌ನಿಂದ ಇಳಿಸಿಕೊಳ್ಳಬೇಕು. ಇಳಿಸಿಕೊಡುವ ಸರ್ವರ್ ಎಷ್ಟು ದಿನ ಇರುತ್ತದೋ ಅಷ್ಟು ದಿನ.

ಇನ್ನು ಕಡಿಮೆ ಬೆಲೆಗೆ ಗೇಮ್ ಇರುವ ಖಾತೆಯನ್ನೇ ಮಾರುತ್ತೇವೆ ಎನ್ನುವವರ ಹತ್ತಿರ ಹೋಗಲೇಬೇಡಿ. ನನ್ನ ಸಹೋದ್ಯೋಗಿಯೊಬ್ಬ ಹಾಗೆ ₹1,200 ಕೊಟ್ಟ. ಮೂರು ವಾರಕ್ಕೆ ಮಾರಿದವನು ಪಾಸ್‌ವರ್ಡ್ ಬದಲಿಸಿ ಮಾಯವಾದ. ಖಾತೆ ಮಾರುವುದೇ ಕಂಪನಿಯ ನಿಯಮಕ್ಕೆ ವಿರುದ್ಧ, ದೂರು ಕೊಟ್ಟರೂ ಕೇಳುವವರಿಲ್ಲ.

ಆ ಸಾಹಸದ ಡಿಸ್ಕನ್ನು ಕಳೆದ ತಿಂಗಳು ಒಬ್ಬರು ಕೇಳಿದರು. ಒಂದು ಭಾಗ ತೆರೆಯುವುದಿಲ್ಲ, ಯಾವತ್ತಿಗೂ ತೆರೆಯುವುದಿಲ್ಲ ಎಂದು ಮೊದಲೇ ಹೇಳಿದೆ. ಪರವಾಗಿಲ್ಲ ಎಂದು ₹150 ಕೊಟ್ಟು ತೆಗೆದುಕೊಂಡು ಹೋದರು. ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ 'ಬಳಸಿಯಾಗಿದೆ' ಎಂದು ಬರೆದು ಡಬ್ಬಿಯಲ್ಲೇ ಇಟ್ಟು ಕೊಟ್ಟಿದ್ದೇನೆ.