ಬಿಸಿ ತಗಲುವ ಜಾಗಕ್ಕೆ ಯಾವುದು: ಪ್ಲಾಸ್ಟಿಕ್ಕೋ, ಲೋಹವೋ, ಕಲ್ಲೋ?

10 ಮೀಟರ್ ಉದ್ದದ ಬಿಸಿನೀರಿನ ಪೈಪು 50 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ತಾಮ್ರದ್ದು ಸುಮಾರು 8.5 ಮಿ.ಮೀ. ಹಿಗ್ಗುತ್ತದೆ, ಸಿಪಿವಿಸಿ (ಬಿಸಿನೀರಿಗೆ ಬಳಸುವ ಪ್ಲಾಸ್ಟಿಕ್) ಪೈಪಿನದು 30 ಮಿ.ಮೀ. ದಾಟುತ್ತದೆ. ಹಾಗಾಗಿ ಸಿಪಿವಿಸಿ ಹಾಕುವಾಗ ಉದ್ದನೆಯ ನೇರ ಸಾಲಿನ ನಡುವೆ ಯು ಆಕಾರದ ತಿರುವು ಕೊಡಬೇಕು, ಕ್ಲಾಂಪ್ ಬಿಗಿಯಾಗಿ ಕಚ್ಚಬಾರದು. ಇಲ್ಲದಿದ್ದರೆ ಪೈಪು ಬಿಲ್ಲಿನಂತೆ ಬಾಗಿ ಎಲ್ಬೋ (ಮೂಲೆಯಲ್ಲಿ ಪೈಪು ತಿರುಗಿಸುವ ಜೋಡಣೆ) ಬಳಿ ಬಿರುಕು ಬಿಡಬಹುದು. ಸಾದಾ ಪಿವಿಸಿ ಬೇಡವೇ ಬೇಡ. 80 ಡಿಗ್ರಿ ಹೊತ್ತಿಗೆ ಮೆತ್ತಗಾಗುತ್ತದೆ. ತಾಮ್ರಕ್ಕೆ ಈ ಭಯವಿಲ್ಲ, ಆದರೆ ಹೊದಿಕೆ ಸುತ್ತದಿದ್ದರೆ ನೀರು ಬೇಗ ಆರುತ್ತದೆ.

ಒಲೆಯ ಪಕ್ಕದ ಕಟ್ಟೆಗೆ ಗ್ರಾನೈಟ್ ಸರಿ. ಹಿಗ್ಗುವುದು ತಾಮ್ರದ ಅರ್ಧದಷ್ಟೇ. ತೊಂದರೆ ಬೇರೆ ಕಡೆ ಇದೆ: ಕಲ್ಲಿನೊಳಗೆ ಶಾಖ ನಿಧಾನವಾಗಿ ಹರಿಯುತ್ತದೆ. ಚೆನ್ನಾಗಿ ಕಾದ ಕಲ್ಲಿಗೆ ತಣ್ಣೀರು ಬಿದ್ದರೆ ಮೇಲ್ಪದರ ಕುಗ್ಗಲು ನೋಡುತ್ತದೆ, ಬಿಸಿಯಾದ ಒಳಭಾಗ ಬಿಡುವುದಿಲ್ಲ. ಎಳೆತ ತಾಳಲಾರದ ಕಲ್ಲು ಸೀಳುತ್ತದೆ. ನೇರ ಉರಿಗಂತೂ ಒಡ್ಡಬೇಡಿ, 573 ಡಿಗ್ರಿಯಲ್ಲಿ ಅದರೊಳಗಿನ ಕ್ವಾರ್ಟ್ಜ್ ಹರಳುಗಳ ರಚನೆಯೇ ಬದಲಾಗಿ ಉಬ್ಬುತ್ತದೆ.